ಕೋವಿ ಯಾರದ್ದು ಎಂಬುದಕ್ಕಿಂತ, ಈ ರಾತ್ರಿ ಎಲ್ಲಿದೆ?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು)



ಸಂಘದ ಸಭೆಯಲ್ಲಿ ನಾವು ಉಳಿತಾಯದ ಬಗ್ಗೆ, ಸಾಲದ ಕಂತಿನ ಬಗ್ಗೆ, ಮಕ್ಕಳ ಶಾಲೆ, ಕುಡಿಯುವ ನೀರು, ಶೌಚಾಲಯದ ಬಗ್ಗೆ ಮಾತಾಡಿದ್ದೇವೆ. ನಮ್ಮ ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಇರುವ ಒಂದು ವಸ್ತುವಿನ ಬಗ್ಗೆ ಮಾತ್ರ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಅದೇ ಕೋವಿ. "ಅದು ಗಂಡಸರ ವಿಷಯ, ನಮಗ್ಯಾಕೆ?" ಎಂದು ಸುಮ್ಮನಿದ್ದೆವು. ಈ ಸಲದ ಪಾಠದಲ್ಲಿ ತಾಯಂದಿರಾಗಿ ಆ ವಿಷಯ ಎತ್ತಿಕೊಳ್ಳೋಣ.

ಸಭೆಯಲ್ಲಿ ಕೇಳಿದ ಮಾತು

ಚೆಟ್ಟಳ್ಳಿ ಕಡೆಯ ನಮ್ಮ ಒಂದು ಸಂಘದಲ್ಲಿ ತೋಟದ ಮನೆಯವರೂ ಇದ್ದಾರೆ, ಲೈನ್ ಮನೆಯವರೂ ಇದ್ದಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು ಎಲ್ಲವೂ ಕೇಳಿಸುತ್ತದೆ. ಪುಸ್ತಕ ಬರೆಯುವುದು ಕನ್ನಡದಲ್ಲಿ. ಒಂದು ವಾರ ಉಳಿತಾಯದ ಲೆಕ್ಕ ಮುಗಿದ ಮೇಲೆ ಲೈನ್ ಮನೆಯ ಒಬ್ಬ ಸದಸ್ಯೆ ಮೆಲ್ಲಗೆ ಹೇಳಿದಳು:

"ಅಕ್ಕಾ, ಒಂದು ಮಾತು. ಮೊನ್ನೆ ನಾನು ಕಾಫಿ ಕಣದಲ್ಲಿದ್ದಾಗ ನನ್ನ ಮಗ ಸಾಹುಕಾರರ ಮನೆ ಮಕ್ಕಳ ಜೊತೆ ಆಡ್ತಾ ಇದ್ದ. ಸಂಜೆ ಮನೆಗೆ ಬಂದು, 'ಅಮ್ಮಾ, ನಾನು ಇವತ್ತು ಕೋವಿ ಹಿಡಿದೆ, ಎಷ್ಟು ಭಾರ ಗೊತ್ತಾ?' ಅಂದ. ಬಾಗಿಲ ಹಿಂದೆ ಒರಗಿಸಿ ಇಟ್ಟಿದ್ದರಂತೆ. ತೋಟಾ ಹಾಕಿರಲಿಲ್ಲ ಅನ್ನಿಸ್ತದೆ. ನಂಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಸಾಹುಕಾರರ ಮನೆಗೆ ಹೋಗಿ ಹೇಗೆ ಕೇಳೋದು?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತೋಟದ ಮನೆಯ ಹಿರಿಯ ಸದಸ್ಯೆಯೊಬ್ಬರು ಹೇಳಿದರು: "ನೀನು ಹೇಳಿದ್ದು ನಮ್ಮ ಮನೆ ಅಲ್ಲ ತಂಗಿ. ಆದರೆ ನಮ್ಮ ಮನೆಯಲ್ಲೂ ಕೋವಿ ಇದೆ. ಅದರ ತೋಟಾ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ. ನಾನೂ ಇವತ್ತಿನವರೆಗೆ ಕೇಳಲಿಲ್ಲ."

ಒಬ್ಬಳಿಗೆ ಕೇಳಲು ಭಯ, ಇನ್ನೊಬ್ಬರಿಗೆ ಕೇಳಬೇಕೆಂದು ತೋಚಲೇ ಇಲ್ಲ. ಇಬ್ಬರ ಮಕ್ಕಳೂ ಆಡುವುದು ಮಾತ್ರ ಅದೇ ಅಂಗಳದಲ್ಲಿ. ಈ ಪಾಠ ಹುಟ್ಟಿದ್ದು ಅಲ್ಲಿಂದ.

ಕೊಡಗಿನಲ್ಲಿ ಕೋವಿಗೆ ಇರುವ ಸ್ಥಾನ

ಕೋವಿಯನ್ನು ಬೈಯುವುದಕ್ಕೆ ಈ ಪಾಠ ಬರೆಯುತ್ತಿಲ್ಲ. ಕೊಡಗಿನಲ್ಲಿ ಅದಕ್ಕೆ ದೊಡ್ಡ ಚರಿತ್ರೆ ಇದೆ. ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಭೂಮಿ ಪಡೆದವರು ಕರೆ ಬಂದಾಗ ಅರಸರ ಪರವಾಗಿ ಯುದ್ಧಕ್ಕೆ ಹೋಗಬೇಕಿತ್ತು. 1834ರಲ್ಲಿ ಕೊಡಗು ಇಂಗ್ಲಿಷರ ಕೈಗೆ ಹೋಯಿತು. 1857ರ ದಂಗೆಯ ನಂತರ ಅವರು ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಆಗ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೂ ಅದು ಮುಂದುವರಿಯಿತು.

ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಕೊಡವರ ಹಳೆಯ ಪದ್ಧತಿ. ಹುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡಿನ ಶಬ್ದ ಕೇಳಿಸುತ್ತದೆ. ಸೆಪ್ಟೆಂಬರ್ ಮೊದಲ ವಾರ ಬರುವ ಕೈಲ್‌ಪೊಳ್ದ್‌ನಲ್ಲಿ ಕೋವಿ, ಒಡಿಕತ್ತಿಗಳನ್ನು ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಈ ಹಬ್ಬದ ಬಗ್ಗೆ ಹಿರಿಯರು ಹೇಳುವ ಒಂದು ವಿಷಯವನ್ನು ನಾವು ಗಮನಿಸಬೇಕು. ಹಿಂದೆ ಗದ್ದೆ ಕೆಲಸ ಶುರುವಾಗುವ ಮೊದಲು ಆಯುಧಗಳನ್ನೆಲ್ಲ ಮನೆಯ ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿದು ಕೈಲ್‌ಪೊಳ್ದ್ ಬಂದಾಗಲೇ ಹೊರಗೆ ತೆಗೆಯುತ್ತಿದ್ದದ್ದು. ಹಿರಿಯರು ಬುದ್ಧಿಮಾತು ಹೇಳಿ ಕಿರಿಯರ ಕೈಗೆ ಕೋವಿ ಕೊಡುತ್ತಿದ್ದರು. ಹಾಗಾದರೆ ಕೋವಿಗೆ ಒಂದು ಜಾಗ ಇತ್ತು, ಒಂದು ಕಾಲ ಇತ್ತು, ಅದಕ್ಕೆ ಜವಾಬ್ದಾರರಾದ ಒಬ್ಬ ಹಿರಿಯರಿದ್ದರು. ಬಾಗಿಲ ಹಿಂದೆ ಒರಗಿಸಿ ಇಡುವುದು ಪದ್ಧತಿ ಅಲ್ಲ, ಉದಾಸೀನ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ. ಕೇಂದ್ರ ಗೃಹ ಇಲಾಖೆ 2019ರ ಅಕ್ಟೋಬರ್‌ನಲ್ಲಿ ಇದನ್ನು 2029ರ ಅಕ್ಟೋಬರ್ 31ರ ತನಕ ವಿಸ್ತರಿಸಿತು. "ಒಂದು ಜನಾಂಗಕ್ಕೆ ಮಾತ್ರ ಯಾಕೆ?" ಎಂದು ಕೆಲವರು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಉಳಿದವರು ಬೆಳೆ ರಕ್ಷಣೆಗಾಗಲಿ, ಆತ್ಮರಕ್ಷಣೆಗಾಗಲಿ ಕೋವಿ ಬೇಕೆಂದರೆ ಜಿಲ್ಲಾಧಿಕಾರಿಗಳಿಂದ ಲೈಸೆನ್ಸ್ ಪಡೆಯಬೇಕು.

ಇನ್ನೂ ಕೆಲವು ಮುಖ್ಯ ಅಂಶಗಳನ್ನು ನೆನಪಿಡೋಣ:

1. ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು. ಲೈಸೆನ್ಸನ್ನು ಈಗ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಸಾರ್ವಜನಿಕರ ಸುರಕ್ಷತೆಗೆ ಅಪಾಯ ಎಂದು ಕಂಡರೆ ಅದನ್ನು ತಡೆಹಿಡಿಯುವ, ರದ್ದು ಮಾಡುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಇದೆ.

2. 2019ರ ತಿದ್ದುಪಡಿಯ ನಂತರ, ಬೇರೆಯವರ ಜೀವಕ್ಕೆ ಅಪಾಯವಾಗುವ ಹಾಗೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ, ಸಂಭ್ರಮಕ್ಕೆ ಹಾರಿಸಿದರೂ ಸರಿ, 2 ವರ್ಷದ ತನಕ ಜೈಲು ಅಥವಾ 1 ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು.

3. ಅಜಾಗರೂಕತೆಯಿಂದ ಒಬ್ಬರ ಸಾವಿಗೆ ಕಾರಣವಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 5 ವರ್ಷದ ತನಕ ಶಿಕ್ಷೆ ಇದೆ. "ಗೊತ್ತಿಲ್ಲದೆ ಆಯ್ತು" ಎಂದರೆ ಕೇಸು ಹೋಗುವುದಿಲ್ಲ.

4. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕೋವಿ ಇಡಲು ವಿನಾಯಿತಿ ಇದೆ ಎಂದರೆ ಬೇಟೆಗೆ ಅನುಮತಿ ಇದೆ ಎಂದಲ್ಲ.

ಲೈನ್ ಮನೆಯ ಸಹೋದರಿಯರು ಒಂದು ವಿಷಯವನ್ನು ವಿಶೇಷವಾಗಿ ತಿಳಿದುಕೊಳ್ಳಬೇಕು. ಕೆಲವು ಕಡೆ ಹಂದಿ, ಆನೆ ಓಡಿಸಲು ಕಾವಲಿಗೆ ಹೋಗುವ ಕೆಲಸಗಾರನ ಕೈಗೆ ಕೋವಿ ಕೊಡುವುದುಂಟು. ಮಾಲೀಕರಿಗೆ ವಿನಾಯಿತಿಯೋ ಲೈಸೆನ್ಸೋ ಇರಬಹುದು. ಆದರೆ ಕೋವಿ ಹಿಡಿದವನ ಹೆಸರು ಯಾವ ಕಾಗದದಲ್ಲೂ ಇಲ್ಲದಿದ್ದರೆ ಸಿಕ್ಕಿಬೀಳುವವನು ಅವನೇ. ಲೈಸೆನ್ಸ್ ಇಲ್ಲದೆ ಕೋವಿ ಹಿಡಿದದ್ದಕ್ಕೆ ಈಗ 2ರಿಂದ 5 ವರ್ಷದ ತನಕ ಶಿಕ್ಷೆ ಇದೆ. ಗಂಡ ಅಥವಾ ಮಗ ರಾತ್ರಿ ಕಾವಲಿಗೆ ಹೊರಟಾಗ, "ಕೈಯಲ್ಲಿರೋದು ಯಾರ ಕೋವಿ? ನಿಮ್ಮ ಹೆಸರಲ್ಲಿ ಕಾಗದ ಇದೆಯಾ?" ಎಂದು ಕೇಳುವ ಹಕ್ಕು ನಮಗಿದೆ.

ಕಾಗದ ಸರಿ ಇದ್ದರೆ ಸಾಕೇ?

ವಿನಾಯಿತಿ ಬೇಕು, ಬೇಡ ಎಂದು ಜನ ವಾದ ಮಾಡುತ್ತಾರೆ. ಕೋರ್ಟಿಗೂ ಹೋಗುತ್ತಾರೆ. ಮಾಡಲಿ, ಅದು ಅವರ ಹಕ್ಕು. ಆದರೆ ಆ ವಾದದಲ್ಲಿ ಯಾರು ಗೆದ್ದರೂ ನಮ್ಮ ಮಗುವಿನ ಪ್ರಶ್ನೆ ಹಾಗೇ ಉಳಿಯುತ್ತದೆ. ಕೋವಿಯನ್ನು ಯಾರು ಇಟ್ಟುಕೊಳ್ಳಬಹುದು ಎಂಬುದನ್ನು ವಿನಾಯಿತಿ ಪತ್ರವೂ ಲೈಸೆನ್ಸೂ ಹೇಳುತ್ತವೆ. ಈ ರಾತ್ರಿ ಆ ಕೋವಿ ಎಲ್ಲಿದೆ, ತೋಟಾ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಆ ಕಾಗದದಲ್ಲಿ ಸಿಗುವುದಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಮನೆಯವರು.

ಹತ್ತು ವರ್ಷದ ಹುಡುಗನಿಗೆ ಕೋವಿಯ ಕಾಗದ ಸರಿ ಇದೆಯೇ ಇಲ್ಲವೇ ಎಂಬುದು ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಟಿವಿಯಲ್ಲಿ, ಸಿನಿಮಾದಲ್ಲಿ ನೋಡಿದ್ದು. ಅಪ್ಪ ಹಿಡಿಯುವ ಹಾಗೆ ಹಿಡಿಯಬೇಕು ಎಂಬ ಆಸೆ. "ಮುಟ್ಟಬೇಡ" ಎಂದು ನಾವು ಸಾವಿರ ಸಲ ಹೇಳಿರುತ್ತೇವೆ. ಉಪ್ಪಿನಕಾಯಿ ಭರಣಿ ಮುಟ್ಟಬೇಡ ಎಂದೂ ಹೇಳಿರುತ್ತೇವೆ. ಎಷ್ಟು ದಿನ ಕೇಳಿದ? ಮಕ್ಕಳಿಗೆ ಬುದ್ಧಿ ಹೇಳಲೇಬೇಕು. ಆದರೆ ಬುದ್ಧಿಮಾತು ಬೀಗದ ಬದಲಿಗೆ ಆಗುವುದಿಲ್ಲ.

ನಮ್ಮ ಊರುಗಳಲ್ಲಿ ಅಪಾಯ ಬರುವ ದಾರಿಗಳು ಹೆಚ್ಚಿಲ್ಲ, ನಾಲ್ಕೈದೇ. ಒಂದು, ಖಾಲಿ ಎಂದು ತಿಳಿದು ಮಕ್ಕಳು ಕೈಗೆತ್ತಿಕೊಳ್ಳುವ ಕೋವಿ. ಎರಡು, ಕತ್ತಲಲ್ಲಿ ಪೊದೆ ಅಲುಗಾಡಿದ್ದನ್ನು ನೋಡಿ ಹಂದಿ ಎಂದು ಹಾರಿಸುವ ಗುಂಡು. ಬೆಳಗಿನ ಜಾವ ಸೌದೆಗೋ ಬಹಿರ್ದೆಸೆಗೋ ತೋಟದ ದಾರಿಯಲ್ಲಿ ಹೋಗುವವರು ನಾವೇ ಅಲ್ಲವೇ? ಮೂರು, ಕೋವಿ ಒರೆಸುವಾಗ, ಜೀಪಿಗೆ ಹತ್ತಿಸುವಾಗ, ಬೇಲಿ ದಾಟುವಾಗ ಹಾರುವ ಗುಂಡು. ನಾಲ್ಕು, ಕುಡಿದ ಅಮಲಿನ ಜಗಳ. ಐದು, ಬದುಕು ಸಾಕಾಯಿತು ಎಂದು ಕುಸಿದು ಕೂತವರ ಕೈಗೆ ಸಿಗುವ ಕೋವಿ. ಇವುಗಳಲ್ಲಿ ಹೆಚ್ಚಿನವು ಒಂದು ಬೀಗದಿಂದ ತಪ್ಪಬಹುದಾದ್ದು.

ಕೋವಿಯ ಜೊತೆಗೆ ಹಂದಿಗೆ ಇಡುವ ಸಿಡಿಮದ್ದಿನ ಉಂಡೆಯನ್ನೂ ಸೇರಿಸಿಕೊಳ್ಳಿ. ತೋಟದಲ್ಲಿ ಬಿದ್ದಿರುವ ಗುರುತಿಲ್ಲದ ಉಂಡೆ, ಪೊಟ್ಟಣಗಳನ್ನು ಮಕ್ಕಳು ಮುಟ್ಟಬಾರದು, ಕಾಲಿನಿಂದ ಒದೆಯಲೂಬಾರದು ಎಂದು ಹೇಳಿಕೊಡಿ.

ಮನೆಯಲ್ಲಿ ಮಾಡಬಹುದಾದ್ದು

ಕೋವಿ ಇರುವ ಮನೆಯ ಸಹೋದರಿಯರು ಇವುಗಳನ್ನು ಮನೆಯ ಗಂಡಸರ ಜೊತೆ ಕೂತು ಮಾತಾಡಿ:

• ಕೋವಿಯನ್ನು ಮನೆಯೊಳಗೆ ತರುವ ಮೊದಲೇ ತೋಟಾ ತೆಗೆದಿರಬೇಕು. ನಳಿಗೆ ಬಿಚ್ಚಿ ಕಣ್ಣಿನಿಂದ ನೋಡಬೇಕು. "ಖಾಲಿ ಇದೆ" ಎಂಬ ಬಾಯಿಮಾತು ನಂಬಬಾರದು.

• ಕೇಪಿನ ಕೋವಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದಕ್ಕೆ ಒಮ್ಮೆ ಮದ್ದು ಗುಂಡು ತುಂಬಿದರೆ ಹೊರಗೆ ತೆಗೆಯುವುದು ಕಷ್ಟ, ಹಾಗಾಗಿ ತುಂಬಿದ್ದನ್ನೇ ಮೂಲೆಗೆ ಒರಗಿಸಿಬಿಡುತ್ತಾರೆ. ಕೇಪು ತೆಗೆದ ಮಾತ್ರಕ್ಕೆ ಕೋವಿ ಖಾಲಿಯಾಗುವುದಿಲ್ಲ. ತುಂಬಿದ ಕೋವಿ ಮನೆಯೊಳಗೆ ಬರಬಾರದು.

• ಕೋವಿ ಬೇರೆ ಕಡೆ, ತೋಟಾ ಬೇರೆ ಕಡೆ. ಎರಡಕ್ಕೂ ಬೀಗ. ಎರಡರ ಬೀಗದ ಕೈ ಒಂದೇ ಗೊಂಚಲಿನಲ್ಲಿ ಮೊಳೆಗೆ ತೂಗಿರಬಾರದು.

• ಕಬ್ಬಿಣದ ಬೀರು ಇಲ್ಲದಿದ್ದರೆ ಗಟ್ಟಿ ಮರದ ಪೆಟ್ಟಿಗೆ ಆಗಬಹುದು. ಅದೂ ಇಲ್ಲದಿದ್ದರೆ ಟ್ರಿಗರಿನ ಬಳೆಯೊಳಗೆ ಸರಪಳಿ ತೂರಿಸಿ ಗೋಡೆಯ ಕೊಂಡಿಗೆ ಬೀಗ ಹಾಕಿ. ಒಂದು ಬೀಗ, ಒಂದು ಸರಪಳಿಗೆ ಆಗುವ ಖರ್ಚು ಒಂದು ಆಸ್ಪತ್ರೆ ಬಿಲ್ಲಿನ ಮುಂದೆ ಏನೂ ಅಲ್ಲ. ಬೇಕಿದ್ದರೆ ಸಂಘದ ಆಂತರಿಕ ಸಾಲದಿಂದಲೂ ತೆಗೆದುಕೊಳ್ಳಬಹುದು.

• ಹಬ್ಬದ ದಿನ ಪೂಜೆಗೆ ಇಟ್ಟ ಕೋವಿ ಖಾಲಿ ಇರಲಿ. ಗುಂಡು ಹೊಡೆಯುವ ಸ್ಪರ್ಧೆ ಇದ್ದರೆ ಮಕ್ಕಳು ಹಗ್ಗದ ಹಿಂದೆ ನಿಲ್ಲಲಿ, ಹೊಡೆಯುವವರು ಕುಡಿದಿರಬಾರದು. ಸಂಜೆ ಊಟಕ್ಕೆ ಕೂರುವ ಮೊದಲು ಕೋವಿ ಒಳಗೆ ಹೋಗಿ ಬೀಗ ಬೀಳಲಿ.

• ಮಕ್ಕಳಿಗೆ ನಾಲ್ಕು ಮಾತು ಕಲಿಸಿ: ನಿಲ್ಲು, ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ಬಂದು ಹೇಳಿದ ಮಗುವಿಗೆ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

• ಕೋವಿಯ ಯಜಮಾನರು ತೀರಿಹೋಗಿ ಕಾಗದ ಯಾರ ಹೆಸರಿಗೂ ಆಗದೆ ಕೋವಿ ಅಟ್ಟದ ಮೇಲೆ ಉಳಿದಿದ್ದರೆ ಸುಮ್ಮನಿರಬೇಡಿ. ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ.

ಕೇಳುವುದು ಹೇಗೆ?

ನಮಗೆ ಕಷ್ಟವಾಗುವುದು ಇಲ್ಲೇ. ನಮ್ಮ ಕೂಲಿ, ನಮ್ಮ ಲೈನ್ ಮನೆ, ಮಗನ ಕಾಲೇಜಿಗೆ ಕೊಟ್ಟ ಕೈಸಾಲ ಎಲ್ಲವೂ ಒಂದೇ ಮನೆಯಿಂದ ಬಂದಿರುವಾಗ ಅಲ್ಲಿ ಹೋಗಿ ಕೋವಿಯ ಬಗ್ಗೆ ಕೇಳುವುದು ಸುಲಭವಲ್ಲ. ಆದ್ದರಿಂದ ತಪ್ಪು ಹುಡುಕುವ ಹಾಗೆ ಕೇಳುವುದು ಬೇಡ, ನಮ್ಮ ಮಗುವಿನ ಮೇಲೆ ಹಾಕಿಕೊಂಡು ಕೇಳೋಣ. "ಅಮ್ಮಾ, ನನ್ನ ಮಗ ಭಾರೀ ತುಂಟ. ಎಲ್ಲಾ ಮುಟ್ತಾನೆ. ಕೋವಿ ಒಳಗಿಟ್ಟು ಬೀಗ ಹಾಕಿದ್ದೀರಲ್ಲ?" ಇಷ್ಟು ಕೇಳಿದರೆ ಯಾವ ತಾಯಿಗೂ ಕೋಪ ಬರಬಾರದು. ಅವರ ಮಕ್ಕಳೂ ಅದೇ ಕೋಣೆಯಲ್ಲಿ ಆಡುತ್ತವೆ.

ಮೇಲೆ ಹೇಳಿದ ನಮ್ಮ ಸಂಘದಲ್ಲಿ ಆದದ್ದೂ ಹೀಗೇ. ಒಬ್ಬಳೇ ಹೋಗಲು ಹೆದರಿದಳು. ಹಿರಿಯ ಸದಸ್ಯೆ ಮೊದಲು ತಮ್ಮ ಮನೆಯ ಕೋವಿಗೆ ಬೀಗ ಹಾಕಿಸಿದರು. ಆಮೇಲೆ ಅವಳ ಜೊತೆ ಆ ಮನೆಗೆ ಹೋಗಿ, "ನಾವು ಹಾಕಿಸಿದೆವು, ನೀವೂ ಹಾಕಿಸಿ" ಎಂದರು. ಆ ಮನೆಯ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗ ಮುಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ" ಎಂದರಂತೆ. ಈಗ ಬಾಗಿಲ ಹಿಂದೆ ಕೋವಿ ಇಲ್ಲ. ಕೆಲಸವೂ ಹೋಗಲಿಲ್ಲ, ಮಾತೂ ಬಿಡಲಿಲ್ಲ.

ಕುಡಿತ, ಜಗಳ, ಬೇಸರ

ಮನೆಯಲ್ಲಿ ಕುಡಿತ, ಹೊಡೆತ ಇದ್ದು ಕೋವಿಯೂ ಇದ್ದರೆ ಬೀಗದ ಕೈ ಕುಡಿಯುವವರ ಹತ್ತಿರ ಇರಬಾರದು. ಮನೆಯ ಹಿರಿಯರ ಹತ್ತಿರ ಇರಲಿ. "ಸುಟ್ಟುಬಿಡ್ತೇನೆ" ಎಂದು ಕೋವಿ ತೋರಿಸಿ ಹೆದರಿಸಿದರೆ ಅದನ್ನು ಅಮಲಿನ ಮಾತು ಎಂದು ಬಿಡಬೇಡಿ. ಮಕ್ಕಳನ್ನು ಕರೆದುಕೊಂಡು ಮೊದಲು ಮನೆಯಿಂದ ಹೊರಗೆ ಬನ್ನಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಕೆಳಗೆ ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆಯಬಹುದು. ಕೋವಿ ತೋರಿಸಿ ಹೆದರಿಸಿದ್ದನ್ನು ದೂರಿನಲ್ಲಿ ಬಿಡದೆ ಬರೆಸಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರು ಸಂರಕ್ಷಣಾಧಿಕಾರಿಯೂ ಆಗಿರುತ್ತಾರೆ, ಅವರನ್ನು ಕಾಣಿ.

ಸಾಲ, ಬೆಳೆ ನಷ್ಟ, ಪರೀಕ್ಷೆಯಲ್ಲಿ ಫೇಲು, ಇಂಥದ್ದರಿಂದ ಮನೆಯಲ್ಲಿ ಯಾರಾದರೂ ಮಾತು ಬಿಟ್ಟು, ಊಟ ಬಿಟ್ಟು ಕೂತಿದ್ದರೆ ಕೋವಿಯನ್ನು ಸ್ವಲ್ಪ ಕಾಲ ಮನೆಯಿಂದಲೇ ಹೊರಗಿಡಲು ಹಿರಿಯರಿಗೆ ಹೇಳಿ. ಹೇಗೆ, ಎಲ್ಲಿ ಇಡಬೇಕೆಂದು ಠಾಣೆಯಲ್ಲಿ ವಿಚಾರಿಸಲಿ. ಕೆಟ್ಟ ಗಳಿಗೆ ಎಷ್ಟೋ ಸಲ ದಾಟಿ ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಕ್ಕಿತು ಎಂಬುದರ ಮೇಲೆ ಜೀವ ನಿಂತಿರುತ್ತದೆ. ಮನಸ್ಸಿನ ನೋವಿಗೆ 14416, ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡಬಹುದು.

ಬೇರೆ ದೇಶದ ತಂದೆತಾಯಿಗಳು

ಕೋವಿಯ ವಿಷಯದಲ್ಲಿ ತಂದೆತಾಯಿಗಳು ಎದ್ದು ನಿಂತದ್ದು ಹೊರದೇಶಗಳಲ್ಲೂ ಇದೆ. 1996ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಸಣ್ಣ ಊರಿನ ಶಾಲೆಗೆ ಒಬ್ಬ ನುಗ್ಗಿ 16 ಪುಟ್ಟ ಮಕ್ಕಳನ್ನೂ ಅವರ ಟೀಚರನ್ನೂ ಕೊಂದ. ಅವನ ಹತ್ತಿರ ಇದ್ದ ಪಿಸ್ತೂಲುಗಳಿಗೆ ಲೈಸೆನ್ಸ್ ಇತ್ತು. ಮಕ್ಕಳನ್ನು ಕಳೆದುಕೊಂಡವರೂ ಊರಿನ ತಾಯಂದಿರೂ ಬೀದಿಗಿಳಿದು ಸಹಿ ಸಂಗ್ರಹ ಮಾಡಿದರು. 7 ಲಕ್ಷ ಸಹಿ ಬಂತು. ಮರುವರ್ಷವೇ ಬ್ರಿಟನ್ನಿನಲ್ಲಿ ಜನರು ಪಿಸ್ತೂಲು ಇಟ್ಟುಕೊಳ್ಳುವುದನ್ನು ನಿಷೇಧಿಸುವ ಕಾನೂನು ಆಯಿತು.

ಅಮೆರಿಕದ ಕಥೆ ಬೇರೆ. 2021ರಲ್ಲಿ ಮಿಷಿಗನ್ ರಾಜ್ಯದ ಒಂದು ಪ್ರೌಢಶಾಲೆಯಲ್ಲಿ 15 ವರ್ಷದ ಹುಡುಗ 4 ಮಂದಿ ಸಹಪಾಠಿಗಳನ್ನು ಗುಂಡಿಟ್ಟು ಕೊಂದ. ಆ ಪಿಸ್ತೂಲನ್ನು ಕೆಲವೇ ದಿನ ಮೊದಲು ಅಪ್ಪ ಕೊಂಡು ತಂದದ್ದು. ಮಗನ ಮನಸ್ಸು ಕೆಟ್ಟಿದ್ದನ್ನು ನೋಡಿಯೂ ಪಿಸ್ತೂಲನ್ನು ಭದ್ರ ಮಾಡಲಿಲ್ಲ ಎಂದು 2024ರಲ್ಲಿ ನ್ಯಾಯಾಲಯ ಅಪ್ಪ, ಅಮ್ಮ ಇಬ್ಬರಿಗೂ ತಲಾ 10ರಿಂದ 15 ವರ್ಷದ ಜೈಲು ಶಿಕ್ಷೆ ಕೊಟ್ಟಿತು. ತಂದೆ ಮಾತ್ರ ಅಲ್ಲ, ತಾಯಿಗೂ. "ಅದು ಗಂಡಸರ ವಿಷಯ" ಎಂಬ ಮಾತು ಅಲ್ಲಿ ನಡೆಯಲಿಲ್ಲ.

ನಮ್ಮ ಊರು ಆ ಊರುಗಳ ಹಾಗಿಲ್ಲ, ನಿಜ. ಆದರೆ ಎಲ್ಲ ಕಡೆಯ ತಾಯಂದಿರ ಮಾತು ಒಂದೇ: ಆಗುವ ಮೊದಲು ಕೇಳಿದ್ದರೆ!

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಮಕ್ಕಳು ಆಡಲು ಹೋಗುವ ಮನೆಗಳಲ್ಲಿ ಕೋವಿ ಇದೆಯೇ? ಅದು ಎಲ್ಲಿದೆ ಎಂದು ನಮಗೆ ಗೊತ್ತೇ?
2. ನಮ್ಮ ಮನೆಯ ಕೋವಿಯ ತೋಟಾ ಎಲ್ಲಿದೆ? ಬೀಗದ ಕೈ ಯಾರ ಹತ್ತಿರ?
3. ಕಾವಲಿಗೆ ಹೋಗುವ ನಮ್ಮ ಮನೆಯವರ ಕೈಗೆ ಯಾರಾದರೂ ಕೋವಿ ಕೊಡುತ್ತಾರೆಯೇ? ಆಗ ಏನು ಹೇಳಬೇಕು?
4. ಒಬ್ಬಳೇ ಕೇಳಲು ಹೆದರಿದರೆ ಸಂಘದಿಂದ ಯಾರು ಜೊತೆಗೆ ಹೋಗುತ್ತೀರಿ?

ಈ ವಾರದ ಕೆಲಸ

ಕೋವಿ ಇರುವ ಪ್ರತಿಯೊಬ್ಬ ಸದಸ್ಯೆಯೂ ಇವತ್ತು ರಾತ್ರಿ ಮನೆಗೆ ಹೋಗಿ ಅದು ಎಲ್ಲಿದೆ ಎಂದು ನೋಡಲಿ. ಕೋವಿ ಇಲ್ಲದವರು ಮಗು ಆಡುವ ಒಂದು ಮನೆಯಲ್ಲಿ ವಿಚಾರಿಸಲಿ. ಮುಂದಿನ ಸಭೆಯಲ್ಲಿ, ಉಳಿತಾಯ ಬರೆಯುವ ಮೊದಲು, "ಬೀಗ ಬಿತ್ತಾ?" ಎಂದು ಒಬ್ಬರನ್ನೊಬ್ಬರು ಕೇಳೋಣ. ಎಷ್ಟು ಮನೆಯಲ್ಲಿ ಬಿತ್ತು ಎಂದು ನಿರ್ಣಯ ಪುಸ್ತಕದಲ್ಲಿ ಬರೆಯೋಣ. ಹೆಸರು ಬೇಡ, ಲೆಕ್ಕ ಸಾಕು.